ಮುಂದೆ ನಿಲ್ಲುವವನು, ಹಿಂದೆ ಕಾಯುವವನು



ಇಂದು ನಾನು ನಿಮ್ಮ ಮುಂದೆ ಇಡಲಿರುವ ವಿಷಯ ನನ್ನ ವಯಸ್ಸಿಗೆ ಹೊಂದುವಂಥದ್ದಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೆಟ್ರಿಕ್ ಪಾಸು ಮಾಡಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಈ ಮೂರು ಊರುಗಳಲ್ಲೇ ಗಾಣದ ಎತ್ತಿನಂತೆ ಸುತ್ತಿ, 2019ರಲ್ಲಿ ನಿವೃತ್ತನಾದವನು ನಾನು. ಇಂಥವನ ಬಾಯಿಂದ ಠೇವಣಿ, ಬಡ್ಡಿ, ಪಿಂಚಣಿ ಈ ಮಾತುಗಳನ್ನು ನೀವು ನಿರೀಕ್ಷಿಸುವುದು ಸಹಜ. ಆದರೆ ಇಂದು ನಾನು ಹೇಳಹೊರಟಿರುವುದು ಕಂಪ್ಯೂಟರಿನಲ್ಲಿ ಹುಡುಗರು ಆಡುವ ಒಂದು ಆಟದ ಬಗ್ಗೆ. ಅದರಲ್ಲಿಯೂ ಆ ಆಟದಲ್ಲಿ ಬರುವ ಇಬ್ಬರ ಬಗ್ಗೆ. ಒಬ್ಬನ ಹೆಸರು ಟ್ಯಾಂಕ್, ಇನ್ನೊಬ್ಬನ ಹೆಸರು ಹೀಲರ್.

ಟ್ಯಾಂಕ್ ಎಂದೊಡನೆ ನಿಮಗೆ ಊರಿನ ನೀರಿನ ಟ್ಯಾಂಕು ನೆನಪಾಗಬಹುದು. ನನಗೂ ಹಾಗೆಯೇ ಆಗಿತ್ತು. ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ಆಟ ನಮ್ಮ ಮನೆಯ ಒಂದು ದೊಡ್ಡ ತಪ್ಪನ್ನು ನನಗೆ ತೋರಿಸಿಕೊಟ್ಟಿತು. ಆ ತಪ್ಪು ನಿಮ್ಮ ಮನೆಯಲ್ಲೂ ಇರಬಹುದು ಎಂಬ ಅನುಮಾನದಿಂದಲೇ ಇದನ್ನು ಹೇಳುತ್ತಿದ್ದೇನೆ.

2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ನನ್ನ ಮಗಳ ಮಗ ಹೈದರಾಬಾದಿನ ಹಾಸ್ಟೆಲು ಬಿಟ್ಟು ನಾರಾಯಣಪೇಟೆಗೆ, ನಮ್ಮ ಮನೆಗೆ ಬಂದ. ಹದಿನೆಂಟು ವರ್ಷದ ಹುಡುಗ. ಹಗಲು ಕಾಲೇಜಿನ ಪಾಠ ಕಂಪ್ಯೂಟರಿನಲ್ಲಿ, ರಾತ್ರಿ ಆಟವೂ ಅದರಲ್ಲೇ. ಒಂದು ರಾತ್ರಿ ನನ್ನ ಮನೆಯವರು ರೊಟ್ಟಿ ತಟ್ಟಿ, ಪಲ್ಯ ಮಾಡಿ, ಕರೆದು ಕರೆದು ಸಾಕಾದರು. ನಾನೇ ಎದ್ದು ಹೋಗಿ ಬಾಗಿಲಲ್ಲಿ ನಿಂತು ಗದರಿದೆ. ಅವನು ತಲೆ ಎತ್ತದೆಯೇ ಹೇಳಿದ:

“ಹತ್ತು ನಿಮಿಷ ತಡೀರಿ ಮುತ್ಯಾ. ಈಗ ನಾ ಎದ್ರ ನಾಕ್ ಮಂದಿ ಸಾಯ್ತಾರ.”

ನನಗೆ ಸಿಟ್ಟಿನ ಜೊತೆಗೆ ನಗುವೂ ಬಂತು. ಸಾಯುವ ಆ ನಾಲ್ಕು ಮಂದಿ ಯಾರು ಎಂದು ನೋಡಲು ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಅಂದು ಕುಳಿತವನು ಮುಂದೆ ಅನೇಕ ರಾತ್ರಿ ಕುಳಿತೆ. ಆಡಲು ನನಗೆ ಬರಲಿಲ್ಲ, ಬೆರಳು ಓಡುವುದಿಲ್ಲ. ಆದರೆ ಲೆಕ್ಕ ತಿಳಿಯಿತು. ಲೆಕ್ಕ ಎಲ್ಲಿದ್ದರೂ ಗುಮಾಸ್ತನಿಗೆ ಒಂದಿಷ್ಟು ಅರ್ಥವಾಗುತ್ತದೆ.

ಈ ಜಾತಿಯ ಆಟಗಳಿಗೆ ಒಂದು ಇತಿಹಾಸವಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಅದು ಕಾಗದ, ಪೆನ್ಸಿಲು, ದಾಳ ಹಿಡಿದು ಮೇಜಿನ ಸುತ್ತ ಕುಳಿತು ಆಡುವ ಆಟ. ಒಬ್ಬ ಕತ್ತಿ ಹಿಡಿದ ಯೋಧ, ಒಬ್ಬ ಗಾಯ ಮಾಯಿಸುವ ಪೂಜಾರಿ, ಒಬ್ಬ ಮಾಂತ್ರಿಕ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ವೇಷ. ನಮ್ಮ ದೊಡ್ಡಾಟದ ವೇಷಗಳಂತೆ ಎನ್ನಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಹಲವರು ಒಟ್ಟಿಗೆ ಕಂಪ್ಯೂಟರಿನಲ್ಲಿ ಆಡುವ ಇಂಥ ಒಂದು ಆಟ ಬರೆಯತೊಡಗಿದ. ರಿಚರ್ಡ್ ಬಾರ್ಟಲ್ ಅವನಿಗೆ ಜೊತೆಯಾದ. ಅದರಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರ. ಮುಂದೆ 1999ರಲ್ಲಿ ‘ಎವರ್‌ಕ್ವೆಸ್ಟ್’, 2004ರ ನವೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದವು. ಈ ಎರಡನೆಯದಕ್ಕೆ 2010ರಲ್ಲಿ ತಿಂಗಳು ತಿಂಗಳು ಚಂದಾ ಕಟ್ಟುವವರ ಸಂಖ್ಯೆ 1 ಕೋಟಿ 20 ಲಕ್ಷ ದಾಟಿತ್ತು. ಒಂದು ರಾಜ್ಯದಷ್ಟು ಜನ ಎಂದು ತಿಳಿಯಿರಿ.

ಈ ಆಟದ ಒಳಗೆ ‘ಡಂಜನ್’ ಎಂಬ ಸ್ಥಳಗಳಿವೆ. ಹಳೆಯ ಕೋಟೆಯ ನೆಲಮಾಳಿಗೆ, ಗುಹೆ, ಪಾಳುಗುಡಿ ಇಂಥವು. ಗದ್ವಾಲ್ ಕೋಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ, ಅದರ ಕೆಳಗೆ ಒಂದು ಸುರಂಗವಿದೆಯೆಂದು ಊಹಿಸಿಕೊಳ್ಳಿ, ಸಾಕು. ಒಳಗೆ ರಾಕ್ಷಸರು. ಒಬ್ಬನೇ ಹೋದರೆ ಬದುಕುವುದು ಕಷ್ಟ. ಐದು ಮಂದಿಯ ತಂಡ ಹೋಗಬೇಕು. ಆ ಐವರು ಒಂದೂರಿನವರಲ್ಲ, ಒಂದು ದೇಶದವರೂ ಅಲ್ಲದಿರಬಹುದು. ಯಂತ್ರವೇ ಅವರನ್ನು ಜೋಡಿಸುತ್ತದೆ. ಐವರಲ್ಲಿ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಉಳಿದ ಮೂವರು ಹೊಡೆಯುವವರು.

ಟ್ಯಾಂಕ್ ಎಂದರೆ ಯುದ್ಧದ ಟ್ಯಾಂಕಿನಂತೆ ದಪ್ಪ ಕವಚ ತೊಟ್ಟವನು. ರಾಕ್ಷಸನನ್ನು ಕೊಲ್ಲುವುದು ಅವನ ಮುಖ್ಯ ಕೆಲಸವಲ್ಲ. ರಾಕ್ಷಸನ ಸಿಟ್ಟನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು ಪೆಟ್ಟು ತಿನ್ನುವುದೇ ಅವನ ಕೆಲಸ. ಹೀಲರ್ ಎಂದರೆ ಹಿಂದೆ ನಿಂತು, ಪೆಟ್ಟು ತಿಂದವರ ಗಾಯ ಮಾಯಿಸಿ ಪ್ರಾಣ ಉಳಿಸುವವನು. ನನ್ನ ಮೊಮ್ಮಗ ಹೀಲರ್. ಅವನು ಎದ್ದು ರೊಟ್ಟಿಗೆ ಬಂದಿದ್ದರೆ ಉಳಿದ ನಾಲ್ವರು ಸಾಯುವುದು ಖಂಡಿತವಾಗಿಯೂ ನಿಜವಾಗಿತ್ತು. ಆಟದಲ್ಲಿ ಸತ್ತವರು ಮತ್ತೆ ಏಳುತ್ತಾರೆ, ಆ ಮಾತು ಬೇರೆ. ಆದರೆ ಅರ್ಧ ಗಂಟೆಯ ದುಡಿಮೆ ಮಣ್ಣುಪಾಲು.

ಇದರ ಒಳಗಿನ ಲೆಕ್ಕ ನೋಡಿ. ಪ್ರತಿಯೊಬ್ಬ ರಾಕ್ಷಸನ ತಲೆಯೊಳಗೆ ಒಂದು ಖಾತೆಪುಸ್ತಕವಿದೆ. ಯಾರು ನನ್ನನ್ನು ಎಷ್ಟು ಕೆಣಕಿದರು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಅದು ಜಮಾ ಮಾಡುತ್ತಲೇ ಇರುತ್ತದೆ. ಯಾರ ಖಾತೆ ದೊಡ್ಡದೋ ಅವರ ಮೇಲೆ ಅದು ಬೀಳುತ್ತದೆ. ಟ್ಯಾಂಕ್ ಹೊಡೆಯುವ ಏಟು ಚಿಕ್ಕದಾದರೂ ಅವನ ಖಾತೆಗೆ ಹಲವು ಪಟ್ಟು ಜಮಾ ಆಗುವಂತೆ ನಿಯಮ ಮಾಡಿದ್ದಾರೆ. ಇನ್ನೊಬ್ಬ ಆತುರಗಾರ ಟ್ಯಾಂಕನ ಖಾತೆಯನ್ನು ಮೀರಿದರೆ ರಾಕ್ಷಸ ಅವನ ಕಡೆ ತಿರುಗುತ್ತದೆ. ‘ವಾರ್‌ಕ್ರಾಫ್ಟ್’ ಆಟದಲ್ಲಿ ಇದಕ್ಕೂ ಶೇಕಡಾವಾರು ಲೆಕ್ಕ ಇಟ್ಟಿದ್ದಾರೆ. ಹತ್ತಿರ ನಿಂತು ಹೊಡೆಯುವವನು ಟ್ಯಾಂಕನ ನೂರಕ್ಕೆ 110 ಆಗಬೇಕು, ದೂರ ನಿಂತವನು 130 ಆಗಬೇಕು. ಅಲ್ಲಿಯವರೆಗೆ ರಾಕ್ಷಸ ಕದಲುವುದಿಲ್ಲ. ಹಾಗೇನಾದರೂ ತಿರುಗಿದರೆ ಟ್ಯಾಂಕ್ ಒಂದು ಸವಾಲು ಕೂಗುತ್ತಾನೆ. ಅದು ಮತ್ತೆ ಅವನ ಕಡೆ ಬರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಯ ಮಾಯಿಸಿದರೂ ರಾಕ್ಷಸನಿಗೆ ಸಿಟ್ಟು ಬರುತ್ತದೆ. ಹೀಲರ್ ಮಾಡಿದ ಉಪಚಾರದ ಅರ್ಧದಷ್ಟು ಅವನ ಹೆಸರಿನಲ್ಲಿ ಜಮಾ ಆಗುತ್ತದೆ, ಎದುರಿಗಿರುವ ಎಲ್ಲ ರಾಕ್ಷಸರ ಪುಸ್ತಕಗಳಲ್ಲಿ ಅದು ಹಂಚಿಹೋಗುತ್ತದೆ. ಆದ್ದರಿಂದ ಟ್ಯಾಂಕ್ ಯಾವ ರಾಕ್ಷಸನನ್ನು ಗಮನಿಸದೆ ಬಿಟ್ಟನೋ ಅದು ನೇರವಾಗಿ ಹೀಲರನ ಮೇಲೆ ಹೋಗುತ್ತದೆ. ಯಾರನ್ನೂ ಹೊಡೆಯದೆ, ಬರೀ ಉಪಚಾರ ಮಾಡಿದ್ದಕ್ಕೆ ಪೆಟ್ಟು! ಇದನ್ನು ಮೊಮ್ಮಗ ಹೇಳಿದಾಗ ಒಳಗೆ ನನ್ನ ಮನೆಯವರು ಪಾತ್ರೆ ತೊಳೆಯುವ ಸಪ್ಪಳ ಕೇಳಿಬರುತ್ತಿತ್ತು. ಅಂದು ನನಗೆ ಏನೂ ಹೊಳೆಯಲಿಲ್ಲ.

ಹೀಲರನ ಹತ್ತಿರ ಒಂದು ಶಕ್ತಿಯ ಗಡಿಗೆ ಇರುತ್ತದೆ. ಅದಕ್ಕೆ ‘ಮನಾ’ ಎನ್ನುತ್ತಾರೆ. ಪೆಸಿಫಿಕ್ ಸಾಗರದ ದ್ವೀಪವಾಸಿಗಳ ಭಾಷೆಗಳಿಂದ ಬಂದ ಶಬ್ದವದು. ಪ್ರತಿ ಉಪಚಾರಕ್ಕೂ ಗಡಿಗೆಯಿಂದ ಒಂದಿಷ್ಟು ಖರ್ಚು. ದೊಡ್ಡ ಉಪಚಾರಕ್ಕೆ ದೊಡ್ಡ ಖರ್ಚು. ಗಾಯವಿಲ್ಲದವನಿಗೆ ಉಪಚಾರ ಮಾಡಿದರೆ ಖರ್ಚು ಮಾತ್ರ ಆಗುತ್ತದೆ, ಫಲವಿಲ್ಲ. ಯಾರನ್ನು ಮೊದಲು ನೋಡಬೇಕು ಎಂಬುದಕ್ಕೂ ಕ್ರಮವಿದೆ. ಟ್ಯಾಂಕನನ್ನೂ ತನ್ನನ್ನೂ ಮೊದಲು, ಹೊಡೆಯುವವರನ್ನು ಆಮೇಲೆ. “ನಿನ್ನನ್ನೇ ನೀ ಮೊದಲು ನೋಡ್ಕೊಂಡ್ರ ಸ್ವಾರ್ಥ ಅಲ್ಲೇನೋ?” ಎಂದೆ. “ಇಲ್ರಿ ಮುತ್ಯಾ, ನಾ ಸತ್ರ ಮುಂದ ಯಾರ್ ಉಳಿಸ್ತಾರ?” ಎಂದ. ಮರು ಮಾತಿಗೆ ಎಡೆಯೇ ಇರಲಿಲ್ಲ.

ಒಳ್ಳೆಯ ಟ್ಯಾಂಕ್ ಆದವನು ಮುಂದಿನ ಕೋಣೆಗೆ ನುಗ್ಗುವ ಮೊದಲು ಒಂದು ಕೆಲಸ ಮಾಡುತ್ತಾನೆ. ಹೀಲರನ ಗಡಿಗೆ ಎಷ್ಟು ತುಂಬಿದೆ ಎಂದು ನೋಡುತ್ತಾನೆ. ಅದು ಪರದೆಯ ಮೇಲೆಯೇ ನೀಲಿ ಪಟ್ಟಿಯಾಗಿ ಕಾಣುತ್ತದೆ. ಕಡಿಮೆಯಿದ್ದರೆ ನಿಲ್ಲುತ್ತಾನೆ. ಹೀಲರ್ ಕುಳಿತು ನೀರು ಕುಡಿದು ಗಡಿಗೆ ತುಂಬಿಸಿಕೊಳ್ಳುತ್ತಾನೆ. ನೋಡದೆ ನುಗ್ಗುವ ಟ್ಯಾಂಕ್ ಎಷ್ಟೇ ಶೂರನಾಗಿರಲಿ, ಐವರನ್ನೂ ಕೊಲ್ಲುತ್ತಾನೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದರ ಕೆಲಸವಿದೆ.

ಇನ್ನು ಒಂದು ವಿಚಿತ್ರ. ಈ ಆಟಗಳಲ್ಲಿ ಹೊಡೆಯುವವರಿಗೆ ಬರವಿಲ್ಲ, ಟ್ಯಾಂಕ್ ಮತ್ತು ಹೀಲರ್‌ಗೇ ಬರ. 2009ರ ಡಿಸೆಂಬರಿನಲ್ಲಿ ‘ವಾರ್‌ಕ್ರಾಫ್ಟ್’ನವರು ತಂಡಗಳನ್ನು ಯಂತ್ರವೇ ಜೋಡಿಸುವ ಏರ್ಪಾಡು ತಂದಾಗ ಇದು ಎಲ್ಲರಿಗೂ ಕಂಡಿತು. ಟ್ಯಾಂಕ್ ಆಗುತ್ತೇನೆ ಎಂದವನಿಗೆ ಕೂಡಲೇ ಕರೆ. ಹೊಡೆಯುತ್ತೇನೆ ಎಂದವನು ಸರದಿಯಲ್ಲಿ ಕಾಯುತ್ತ ಕೂರಬೇಕು. ಕೊನೆಗೆ 2011ರಲ್ಲಿ ಕಂಪೆನಿಯವರು, ಬರವಿರುವ ಪಾತ್ರಕ್ಕೆ ಬಂದವರಿಗೆ ಒಂದು ಚೀಲ ಉಡುಗೊರೆ ಹೆಚ್ಚಿಗೆ ಕೊಡತೊಡಗಿದರು. ‘ಫೈನಲ್ ಫ್ಯಾಂಟಸಿ’ ಎಂಬ ಜಪಾನೀ ಆಟದ ಹದಿನಾಲ್ಕನೆಯ ಭಾಗದಲ್ಲೂ ಹೀಗೆಯೇ ಬರವಿರುವ ಪಾತ್ರಕ್ಕೆ ಬಹುಮಾನವಿದೆ.

ಇದನ್ನು ಕೇಳಿ ನನಗೆ ಬ್ಯಾಂಕಿನ ನಗದು ಕೌಂಟರು ನೆನಪಾಯಿತು. ಗುಮಾಸ್ತರಲ್ಲಿ ಯಾರೂ ಇಷ್ಟಪಟ್ಟು ಅಲ್ಲಿ ಕೂರುತ್ತಿರಲಿಲ್ಲ. ಸಂಜೆ ಲೆಕ್ಕ ಮುಗಿದಾಗ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಅದಕ್ಕೆಂದೇ ಸಂಬಳದ ಮೇಲೆ ಒಂದಿಷ್ಟು ಕ್ಯಾಷ್ ಅಲೋಯನ್ಸ್. ಕಾರಣ ಎರಡೂ ಕಡೆ ಒಂದೇ. ಹಿಂದೆ ಲೆಡ್ಜರು ಬರೆಯುವವನು ಅರ್ಧ ಗಂಟೆ ತೂಕಡಿಸಿದರೆ ಕೆಲಸ ತಡವಾಗುತ್ತದೆ, ಅಷ್ಟೆ. ನಗದು ಎಣಿಸುವವನು ಅರ್ಧ ನಿಮಿಷ ತೂಕಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಹಾಗೆಯೇ ಹೊಡೆಯುವ ಮೂವರಲ್ಲಿ ಒಬ್ಬ ಸೋಮಾರಿಯಾದರೆ ರಾಕ್ಷಸ ಸಾಯುವುದು ತಡವಾಗುತ್ತದೆ. ಟ್ಯಾಂಕ್ ಅಥವಾ ಹೀಲರ್ ಒಂದು ಕ್ಷಣ ತಪ್ಪಿದರೆ ಎಲ್ಲರೂ ನೆಲಕ್ಕೆ ಬೀಳುತ್ತಾರೆ. ಬೈಗುಳವೂ ಅವರಿಗೇ. ಹೊಣೆ ಕಣ್ಣಿಗೆ ಕಾಣುವ ಜಾಗದಲ್ಲಿ ನಿಲ್ಲಲು ಜನ ಹಿಂಜರಿಯುತ್ತಾರೆ.

ಆದರೂ ಈ ಇಬ್ಬರಲ್ಲಿ ಒಂದು ವ್ಯತ್ಯಾಸವಿದೆ. ಟ್ಯಾಂಕ್ ಎಲ್ಲರಿಗೂ ಕಾಣುತ್ತಾನೆ. ಹೀಲರ್ ತನ್ನ ಕೆಲಸ ಸರಿಯಾಗಿ ಮಾಡಿದಾಗ ಕಾಣುವುದೇ ಇಲ್ಲ. ಯಾರೂ ಸಾಯಲಿಲ್ಲ ಎಂದರೆ ಏನೂ ಆಗಲಿಲ್ಲ ಎಂದು ಅರ್ಥವಾಗಿಬಿಡುತ್ತದೆ.

ಇದಕ್ಕೆ ನನ್ನ ಅನುಭವದ ಒಂದು ಮಾತು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದದ್ದು ನಿಮಗೆಲ್ಲ ನೆನಪಿದೆ. ಮರುದಿನ ಬ್ಯಾಂಕು ಮುಚ್ಚಿ, 10ನೆಯ ತಾರೀಕು ತೆರೆದವು. ಆಗ ನಾನು ಮಕ್ತಲಿನಲ್ಲಿದ್ದೆ. ಒಬ್ಬರಿಗೆ 4000 ರೂಪಾಯಿಯವರೆಗೆ ಬದಲಿಸಿ ಕೊಡಬೇಕು. ಬೆಳಗಿನ ಜಾವದಿಂದಲೇ ಸಾಲು. ಹತ್ತಿ ಮಾರಿ ಬಂದ ರೈತರು, ಸೀರೆ ಮಾರಿದ ಹಣ ಹಿಡಿದ ನೇಕಾರರು, ಕೃಷ್ಣೆಯ ದಂಡೆಯ ಹಳ್ಳಿಗಳಿಂದ ಬಂದ ಮುದುಕಿಯರು. ಒಬ್ಬರು ಕನ್ನಡ, ಒಬ್ಬರು ತೆಲುಗು, ಒಬ್ಬರು ಉರ್ದು. ಎಲ್ಲರ ಸಿಟ್ಟೂ ಜಾಲರಿಯ ಈಚೆ ಕುಳಿತ ನನ್ನ ಮೇಲೆ. ಸಿಟ್ಟು ಮಾಡಿದವರು ಬೇರೆ, ಸಿಟ್ಟು ತಿಂದವನು ಬೇರೆ. ಆ ದಿನಗಳಲ್ಲಿ ನಾನು ಟ್ಯಾಂಕ್ ಆಗಿದ್ದೆ ಎಂದು ಈಗ ಹೇಳಬಲ್ಲೆ.

ಆದರೆ ನನ್ನ ಹಿಂದೆ ಒಬ್ಬ ಅಟೆಂಡರ್ ಇದ್ದ. ನೋಟಿನ ಕಟ್ಟು ಮುಗಿಯುವ ಮೊದಲೇ ಇನ್ನೊಂದು ಕಟ್ಟು ತಂದಿಡುವನು. ಫಾರಂ ತುಂಬಲು ಬಾರದವರನ್ನು ಬಾಗಿಲಲ್ಲೇ ಕೂರಿಸಿ ತುಂಬಿಸಿ ಕಳಿಸುವನು. ಕೇಳುವ ಮೊದಲೇ ನೀರಿನ ಲೋಟ ಇಡುವನು. ನನ್ನ ದನಿ ಏರತೊಡಗಿದರೆ, “ಸಾರ್, ಎರಡು ನಿಮಿಷ ಎದ್ದು ಮುಖ ತೊಳಕೊಂಡ್ ಬರ್ರಿ, ನಾ ಇವರಿಗೆ ಹೇಳ್ತೀನಿ” ಎಂದು ಕಿವಿಯಲ್ಲಿ ಹೇಳುವನು. ಸಂಜೆ ವರದಿಯಲ್ಲಿ ಎಷ್ಟು ಜನರಿಗೆ ಎಷ್ಟು ಹಣ ಕೊಟ್ಟೆವು ಎಂಬುದಕ್ಕೆ ನನ್ನ ಅಂಕಿ ಇತ್ತು. ಅವನ ಅಂಕಿ ಎಲ್ಲೂ ಇರಲಿಲ್ಲ. ಮೇಲಿನವರು ನನ್ನ ಬೆನ್ನು ತಟ್ಟಿದಾಗ ನಾನೂ ಅವನ ಹೆಸರು ಹೇಳಲಿಲ್ಲ. ಮರೆತೆ ಎಂದಲ್ಲ, ಹೊಳೆಯಲೇ ಇಲ್ಲ.

ನಮ್ಮ ಊರಿನ ಮಗ್ಗಗಳನ್ನೇ ನೋಡಿ. ನಾರಾಯಣಪೇಟೆ ಸೀರೆ, ಗದ್ವಾಲ್ ಸೀರೆ ಎಂದು ಹೆಸರು ದೇಶದೆಲ್ಲೆಡೆ ಇದೆ. ಮಗ್ಗದ ಮುಂದೆ ಕುಳಿತು ಲಾಳಿ ಓಡಿಸುವವನಿಗೆ ನೇಕಾರ ಎನ್ನುತ್ತೇವೆ. ಹಿಂದೆ ಕುಳಿತು ನೂಲು ಬಿಡಿಸಿ, ಕಂಡಿಕೆ ಸುತ್ತಿಕೊಡುವ ಹೆಂಡತಿ, ತಾಯಿ, ಮಗಳು ಯಾವ ಹೆಸರಿಗೆ ಸೇರುತ್ತಾರೆ? ಕಂಡಿಕೆ ನಿಂತರೆ ಲಾಳಿ ನಿಂತಿತು. ಕೂಲಿ ಮಾತ್ರ ಸೀರೆಯ ಲೆಕ್ಕದಲ್ಲಿ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

2021ರ ಮೇ ತಿಂಗಳಿನಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ನನಗೆ ಜ್ವರ ಬಂತು. ಪರೀಕ್ಷೆಯಲ್ಲಿ ಅದೇ ಎಂದು ತಿಳಿಯಿತು. ಆಸ್ಪತ್ರೆಗಳಲ್ಲಿ ಹಾಸಿಗೆಗೆ ಪರದಾಟವಿದ್ದ ಕಾಲ. ಡಾಕ್ಟರರು ಮನೆಯಲ್ಲೇ ಇರಲು ಹೇಳಿ ಔಷಧಿ ಬರೆದುಕೊಟ್ಟರು. ಹಿಂದಿನ ಕೋಣೆಯಲ್ಲಿ ನನ್ನನ್ನು ಇಟ್ಟರು. ಮೊಮ್ಮಗನನ್ನು ಹತ್ತಿರ ಬಿಡಲಿಲ್ಲ. ನನ್ನ ಮನೆಯವರೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಗಂಜಿ, ಕಷಾಯ, ಮಾತ್ರೆ ತಂದುಕೊಡುತ್ತಿದ್ದರು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಚಿಕ್ಕ ಯಂತ್ರವನ್ನು ಅಳಿಯ ಕಳಿಸಿದ್ದರು. ದಿನಕ್ಕೆ ನಾಲ್ಕು ಸಲ ನನ್ನ ಬೆರಳಿಗೆ ಸಿಕ್ಕಿಸಿ, ಬಂದ ಅಂಕಿಯನ್ನು ಹಳೆಯ ಪಾಸ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆದಿಡುತ್ತಿದ್ದೆ. 95, 94, 96, ಹೀಗೆ. ರೋಗದ ಜೊತೆ ನಾನು ಹೋರಾಡುತ್ತಿದ್ದೇನೆ ಎಂದು ಬಂಧುಗಳೆಲ್ಲ ಫೋನಿನಲ್ಲಿ ಧೈರ್ಯ ಹೇಳುತ್ತಿದ್ದರು. ನನಗೂ ಒಂದು ರೀತಿಯ ಹೆಮ್ಮೆ ಇತ್ತು.

ಹತ್ತನೆಯ ದಿನ ನನ್ನ ಜ್ವರ ಬಿಟ್ಟಿತು. ಹನ್ನೊಂದನೆಯ ದಿನ ಬೆಳಿಗ್ಗೆ ನನ್ನ ಮನೆಯವರು ಅಡುಗೆಮನೆಯ ಗೋಡೆಗೆ ಒರಗಿ ಕುಳಿತವರು ಏಳಲಿಲ್ಲ. ಮೈ ಸುಡುತ್ತಿತ್ತು. ಎಷ್ಟು ದಿನದಿಂದ ಎಂದರೆ, “ನಾಕೈದು ದಿನ ಆತು, ನಿಮಗ ಹೇಳಿದ್ರ ಗಾಬರಿ ಆಗ್ತೀರಂತ ಹೇಳಲಿಲ್ಲ” ಎಂದರು. ಆ ಯಂತ್ರವನ್ನು ಅವರ ಬೆರಳಿಗೆ ಸಿಕ್ಕಿಸಿದೆವು. 86 ತೋರಿಸಿತು. ನನ್ನ ಹಾಳೆಯಲ್ಲಿ ಹತ್ತು ದಿನದ ನಲವತ್ತು ಅಂಕಿಗಳಿದ್ದವು. ಎಲ್ಲವೂ ನನ್ನವೇ. ಅವರದು ಒಂದೂ ಇರಲಿಲ್ಲ.

ಮೊಮ್ಮಗ ಗಾಡಿ ಹುಡುಕಿ ತಂದ. ಗಡಿ ದಾಟಿ ಹೋಗುವುದೋ, ಹೈದರಾಬಾದಿಗೆ ಹೋಗುವುದೋ ಎಂಬ ಗೊಂದಲದಲ್ಲಿ ಒಂದು ಗಂಟೆ ಹೋಯಿತು. ಎಲ್ಲೋ ಒಂದು ಕಡೆ ಹಾಸಿಗೆ ಸಿಕ್ಕಿತು. ಆ ರಾತ್ರಿ ಆಸ್ಪತ್ರೆಯ ಹೊರಗೆ ಕಟ್ಟೆಯ ಮೇಲೆ ನಾವಿಬ್ಬರೇ ಕುಳಿತಿದ್ದೆವು. ಬಹಳ ಹೊತ್ತಿನ ಮೇಲೆ ಹುಡುಗ ಹೇಳಿದ:

“ಮುತ್ಯಾ, ಆಯಿ ಮನಾ ಎಷ್ಟದ ಅಂತ ನಾವು ಯಾರೂ ನೋಡಲೇ ಇಲ್ಲ.”

ಅವನು ನನ್ನನ್ನು ದೂರಲಿಲ್ಲ. ‘ನಾವು’ ಎಂದ. ಆದರೆ ಆ ಮಾತು ನನಗೆ ತಾಗಿದಷ್ಟು ಬೇರಾವ ಮಾತೂ ತಾಗಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ, ಲೆಕ್ಕದ ಮನುಷ್ಯನೆಂದು ಹೆಸರು ಪಡೆದ ಮೇಲೆ, ಮನೆಯ ಅತಿ ಮುಖ್ಯವಾದ ಒಂದು ಖಾತೆಯ ಶಿಲ್ಕನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ದೇವರ ದಯೆ, ಡಾಕ್ಟರರ ಶ್ರಮ, ನರ್ಸುಗಳ ಶ್ರಮ. ಹದಿನೇಳು ದಿನಕ್ಕೆ ಅವರು ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ. ಆದರೆ ಮೆಟ್ಟಿಲು ಹತ್ತಿದರೆ ಇಂದಿಗೂ ಏದುಸಿರು. ಅದು ಹೋಗಿಲ್ಲ.

ಆಸ್ಪತ್ರೆಯಲ್ಲಿದ್ದ ಆ ದಿನಗಳಲ್ಲೇ ಮೊಮ್ಮಗ ನನಗೆ ಇನ್ನೊಂದು ಸಂಗತಿ ಹೇಳಿದ. 2005ರ ಸೆಪ್ಟೆಂಬರಿನಲ್ಲಿ ‘ವಾರ್‌ಕ್ರಾಫ್ಟ್’ ಆಟದೊಳಗೇ ಒಂದು ಸಾಂಕ್ರಾಮಿಕ ರೋಗ ಹರಡಿತ್ತಂತೆ. ಹಕ್ಕಾರ್ ಎಂಬ ರಾಕ್ಷಸ ತಗುಲಿಸುವ ‘ಕೆಟ್ಟ ರಕ್ತ’ ಅವನಿದ್ದ ಸ್ಥಳದೊಳಗೆ ಮಾತ್ರ ಇರಬೇಕಾಗಿತ್ತು. ಆದರೆ ಆಟಗಾರರ ಸಾಕುಪ್ರಾಣಿಗಳ ಮೂಲಕ ಅದು ಆಟದ ಪಟ್ಟಣಗಳಿಗೆ ಬಂತು. ಬೀದಿ ತುಂಬ ಹೆಣ. ಕಂಪೆನಿಯವರು ಜನರನ್ನು ಬೇರೆ ಬೇರೆ ಇಡಲು ನೋಡಿದರು, ಆಗಲಿಲ್ಲ. ಕೊನೆಗೆ ಯಂತ್ರಗಳನ್ನೇ ಮತ್ತೆ ಹೊಸದಾಗಿ ಚಾಲೂ ಮಾಡಿ, ನಿಯಮ ತಿದ್ದಬೇಕಾಯಿತು. ಆ ಗಲಾಟೆಯಲ್ಲಿ ಕೆಲವರು ಓಡಿಹೋದರು, ಕೆಲವರು ಬೇಕೆಂದೇ ರೋಗ ಹರಡಿದರು. ಗಾಯ ಮಾಯಿಸುವ ಶಕ್ತಿಯಿದ್ದ ಕೆಲವರು ಯಾರೂ ಹೇಳದೆಯೇ ರೋಗಿಗಳ ನಡುವೆ ಹೋಗಿ ನಿಂತರು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿ, ನಿಜವಾದ ಸಾಂಕ್ರಾಮಿಕದಲ್ಲಿ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಇದರಿಂದ ಪಾಠವಿದೆ ಎಂದು 2007ರಲ್ಲಿ ಲ್ಯಾನ್ಸೆಟ್ ಸಮೂಹದ ವೈದ್ಯ ಪತ್ರಿಕೆಯೊಂದರಲ್ಲಿ ಬರೆದರು. ಆಟವೆಂದು ನಾವು ಹಗುರವಾಗಿ ನೋಡುವುದರಲ್ಲಿ ಮನುಷ್ಯ ಸ್ವಭಾವ ಹೀಗೆ ಕಾಣಿಸಿಕೊಳ್ಳುತ್ತದೆ.

ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ಯುವಕನ ಸಂಗತಿಯೂ ಇಂಥದ್ದೇ. ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿದ್ದ ಅವನು 2014ರಲ್ಲಿ, 25ನೆಯ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿ ಬದುಕಿ ಹೋದನೆಂದು ತಂದೆತಾಯಿ ದುಃಖಿಸಿದರು. ಅವನ ಸಾವಿನ ಸುದ್ದಿ ತಿಳಿಸಿದ ಮೇಲೆ, ಆಟದಲ್ಲಿ ಅವನ ಜೊತೆಗಿದ್ದವರ ಪತ್ರಗಳು ಒಂದರ ಮೇಲೊಂದು ಬಂದವು. ನಮ್ಮ ಕಷ್ಟ ಕೇಳಿದವನು, ಧೈರ್ಯ ಹೇಳಿದವನು ಅವನು ಎಂದು. ಯುರೋಪಿನ ಬೇರೆ ಬೇರೆ ದೇಶಗಳಿಂದ ಕೆಲವರು ಅಂತ್ಯಕ್ರಿಯೆಗೂ ಬಂದರು. 2024ರಲ್ಲಿ ಅವನ ಬದುಕಿನ ಮೇಲೆ ಒಂದು ಸಾಕ್ಷ್ಯಚಿತ್ರ ಹೊರಬಂದಿದೆ.

ಹಾಗೆಂದು ಮಕ್ಕಳು ಹಗಲು ರಾತ್ರಿ ಆಡುತ್ತ ಕೂರಲಿ ಎಂದು ನಾನು ಹೇಳುವವನಲ್ಲ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. 2019ರಲ್ಲಿ ಒಪ್ಪಿಗೆಯಾದ ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ನಿದ್ರೆ, ಊಟ, ಓದು ಕೆಟ್ಟರೆ ಅದು ಆಟವಲ್ಲ. ಆದರೆ ಹಿರಿಯರಿಗೆ ಒಂದು ಸೂಚನೆ. ಇಂಥ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ, ಅತ್ತ ನಾಲ್ಕು ಮಂದಿ ಇರುತ್ತಾರೆ. ಆದ್ದರಿಂದ “ಏಳು” ಎಂದು ಗದರುವ ಬದಲು “ಇದು ಮುಗಿಯಲು ಎಷ್ಟು ಹೊತ್ತು?” ಎಂದು ಕೇಳಿ. “ಇದಾದ ಮೇಲೆ ಇನ್ನೊಂದು ಬೇಡ” ಎಂದು ಹೇಳಿ. ನಮ್ಮ ಮನೆಯಲ್ಲಿ ಈ ಕರಾರು ಚೆನ್ನಾಗಿ ನಡೆಯಿತು. ಎರಡನೆಯ ಸೂಚನೆ, ನಿಮ್ಮ ಹುಡುಗ ಅಥವಾ ಹುಡುಗಿ ಆ ಐವರಲ್ಲಿ ಯಾವ ಪಾತ್ರ ಎಂದು ವಿಚಾರಿಸಿ. ಅದರಿಂದ ನಿಮ್ಮ ಮಗುವಿನ ಬಗ್ಗೆ ನಿಮಗೇ ತಿಳಿಯದ ಒಂದು ಸಂಗತಿ ತಿಳಿಯಬಹುದು.

ಕೊನೆಯದಾಗಿ ಒಂದು ಮಾತು. 2012ರಲ್ಲಿ ‘ಗಿಲ್ಡ್ ವಾರ್ಸ್’ ಎಂಬ ಆಟದ ಎರಡನೆಯ ಭಾಗದಲ್ಲಿ, ಟ್ಯಾಂಕ್ ಬೇಡ, ಹೀಲರ್ ಬೇಡ, ಅವರವರ ಗಾಯ ಅವರವರೇ ನೋಡಿಕೊಳ್ಳಲಿ ಎಂದು ನಿಯಮ ಮಾಡಿ ನೋಡಿದರಂತೆ. ಕೆಲವು ಕಾಲ ನಡೆಯಿತು. ಆದರೆ 2015ರಲ್ಲಿ ಅದೇ ಆಟಕ್ಕೆ ಹತ್ತು ಮಂದಿ ಕೂಡಿ ಆಡುವ ಕಠಿಣ ಕಾಳಗಗಳನ್ನು ಸೇರಿಸಿದಾಗ, ಮುಂದೆ ನಿಂತು ಪೆಟ್ಟು ತಡೆಯುವವನೂ ಹಿಂದೆ ನಿಂತು ಕಾಯುವವನೂ ತಾವಾಗಿಯೇ ಮತ್ತೆ ಹುಟ್ಟಿಕೊಂಡರು. ಕಷ್ಟ ದೊಡ್ಡದಾದಾಗ ಒಬ್ಬರನ್ನೊಬ್ಬರು ನೋಡಿಕೊಳ್ಳದೆ ಬೇರೆ ದಾರಿಯಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಈಗ ಒಂದು ಹೊಸ ಪದ್ಧತಿಯಿದೆ. ರಾತ್ರಿ ಊಟದ ತಟ್ಟೆ ನಾನು ತೊಳೆಯುತ್ತೇನೆ. ಬೆರಳಿನ ಯಂತ್ರವನ್ನು ಮೊದಲು ಅವರ ಬೆರಳಿಗೆ ಸಿಕ್ಕಿಸಿ, ಆಮೇಲೆ ನನ್ನದಕ್ಕೆ. ಪಾಸ್‌ಬುಕ್ಕಿನ ಹಾಳೆಯಲ್ಲಿ ಈಗ ಎರಡು ಕಲಂ ಇವೆ. ಮೊಮ್ಮಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದಾನೆ. ವಾರಕ್ಕೊಮ್ಮೆ ಫೋನು ಮಾಡಿದಾಗ ಅವನು ಮೊದಲು ಕೇಳುವುದು ಒಂದೇ ಪ್ರಶ್ನೆ: “ಆಯಿ, ಮನಾ ಎಷ್ಟದ?” ಆ ಶಬ್ದದ ಅರ್ಥ ಅವರಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. “ತುಂಬ್ಯಾದ ತಮ್ಮಾ, ನೀ ಉಂಡೇನು?” ಎನ್ನುತ್ತಾರೆ.

ನಾನು ಆಗ ಪಕ್ಕದಿಂದ ಅಂಕಿ ಹೇಳುತ್ತೇನೆ. ‘ತುಂಬ್ಯಾದ’ ಎಂಬ ಅವರ ಮಾತನ್ನು ಈಗ ಪರೀಕ್ಷಿಸದೆ ನಂಬುವುದಿಲ್ಲ.

ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಎಲ್ಲರನ್ನೂ ನಿಲ್ಲಿಸಿ, ತಾನು ಯಾವ ಲೆಕ್ಕಕ್ಕೂ ಬಾರದೆ ಹಿಂದೆ ನಿಂತವರು ಒಬ್ಬರಿರುತ್ತಾರೆ. ತಾಯಿಯಿರಬಹುದು, ಸೊಸೆಯಿರಬಹುದು, ಮದುವೆಯಾಗದೆ ಉಳಿದ ಅಕ್ಕನಿರಬಹುದು, ಕಚೇರಿಯ ಅಟೆಂಡರನಿರಬಹುದು. ನಾಳೆ ಮುಂದಿನ ಬಾಗಿಲು ತೆರೆಯುವ ಮೊದಲು ಒಮ್ಮೆ ಹಿಂದಿರುಗಿ ಅವರನ್ನು ನೋಡಿ, ಕೇಳಿ. ಅವರು ‘ಏನಿಲ್ಲ’ ಎಂದರೆ ಇನ್ನೊಮ್ಮೆ ಕೇಳಿ.